ಇಳಿಯಬೇಕಿದ್ದ ಅಂಕಿ

ದೇವರಾಜ ಮೊಹಲ್ಲಾದ ಮೆಸ್ಸೊಂದರ ಮುಂದೆ ಹಾದುಹೋಗುವಾಗ ಬಸ್ಸಾರಿನ ವಾಸನೆ ಬಂತು. ದಂಟಿನ ಸೊಪ್ಪಿನದೇ ಇರಬೇಕು. ಅತ್ತಿಗೆ ನೆನಪಾದರು. ಈಗ ಬರೆಯಲು ಕೂತರೆ ಅನುಮಾನ, ಇದರಲ್ಲಿ ಕೆಲವನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಅವರ ಸೀರೆ ಹಸಿರೋ ನೀಲಿಯೋ ಹೇಳಲಾರೆ. ಆದರೆ ಅಮ್ಮ ಅವರ ತಟ್ಟೆಯಿಂದ ಸೊಪ್ಪಿನ ಪಲ್ಯ ವಾಪಸ್ ತೆಗೆದದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಆಗ ನಾವು ಕುಂಬಾರಕೊಪ್ಪಲಿನಲ್ಲಿದ್ದೆವು. ನಾನು ಎಂ.ಎ. ಓದುತ್ತಿದ್ದೆ. ಮದುವೆಯಾಗಿ ಬಹಳ ಕಾಲ ಕಾದ ಮೇಲೆ ಅತ್ತಿಗೆ ಬಸುರಾಗಿದ್ದರು. ಸ್ಕ್ಯಾನಿಂಗ್ ಮಾಡಿದಾಗ, ಗರ್ಭ ನಿಂತಿರುವುದು ಗರ್ಭಕೋಶದಲ್ಲಲ್ಲ, ಪಕ್ಕದ ನಾಳದಲ್ಲಿ ಎಂದು ಗೊತ್ತಾಯಿತು. ಅಲ್ಲಿ ಅದು ಉಳಿಯುವುದಿಲ್ಲ. ಬೆಳೆದು ನಾಳ ಒಡೆದರೆ ಅತ್ತಿಗೆಯ ಜೀವಕ್ಕೇ ಅಪಾಯ. ರಕ್ತದಲ್ಲಿ ಬಸುರಿನ ಹಾರ್ಮೋನ್ ಇನ್ನೂ ಕಡಿಮೆ ಇರುವುದರಿಂದ ಆಪರೇಷನ್ ಇಲ್ಲದೆ ಇಂಜೆಕ್ಷನ್‌ನಲ್ಲೇ ಕರಗುವ ಸಾಧ್ಯತೆ ಹೆಚ್ಚು ಎಂದರು ಡಾಕ್ಟರಮ್ಮ. ಇಂಜೆಕ್ಷನ್ ಕೊಟ್ಟು, ಅದರ ಶಕ್ತಿ ಕುಂದದಿರಲೆಂದು ಫೋಲಿಕ್ ಆಸಿಡ್ ಮಾತ್ರೆ ನಿಲ್ಲಿಸಿದರು, ಸೊಪ್ಪೂ ಸದ್ಯಕ್ಕೆ ಬೇಡವೆಂದರು.

"ಆಗಾಗ ರಕ್ತ ಟೆಸ್ಟ್ ಮಾಡ್ತೀವಿ. ಮೊದ್ಲು ಹಾರ್ಮೋನ್ ಅಂಕಿ ಸ್ವಲ್ಪ ಏರ್‌ಬಹುದು, ಗಾಬರಿ ಆಗ್ಬೇಡಿ. ಆಮೇಲೆ ಇಳೀಲೇಬೇಕು."

ಮೊದಲ ಸಲ ಅಂಕಿ ಏರಿತ್ತು. ಅಮ್ಮ ದೇವರ ಮುಂದೆ ಕೂತುಬಿಟ್ಟರು. ಅತ್ತಿಗೆ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವರು ನನ್ನನ್ನು ಕರೆದರು.

"ನೋಡಿದ್ಯೇನೇ, ಏರ್ಬುಟ್ಟಿದೆ! ನಿಮ್ಮಣ್ಣನ ಥರಾನೇ ಹಟಮಾರಿ ಕಣೇ."

ಡಾಕ್ಟರಮ್ಮ ಮುಂಚೆಯೇ ಹೇಳಿದ್ದ ಏರಿಕೆ ಅದು. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಆ ಮುಖದಲ್ಲಿ ಅಂಥ ನಗು... ನಾನೇನು ಹೇಳಿದೆನೋ ನೆನಪಿಲ್ಲ. ನಾನೂ ನಕ್ಕಿರಬೇಕು.

ಮುಂದಿನ ರಿಪೋರ್ಟ್ ತರಲು ಅಣ್ಣನ ಜೊತೆ ನಾನೂ ಹೋಗಿದ್ದೆ. ಇಳಿದಿತ್ತು. ಡಾಕ್ಟರಮ್ಮ ಬಯಸಿದಷ್ಟೂ ಇಳಿದಿತ್ತು. ಅಣ್ಣ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಮೇಲೆ ಕೂತ, ಸ್ಟಾರ್ಟ್ ಮಾಡಲಿಲ್ಲ. ಅವನ ಬೆನ್ನು ಅದುರುತ್ತಿತ್ತು. ಹೆಲ್ಮೆಟ್ಟಿನೊಳಗಿಂದ ಬಂದ ಸದ್ದು ಅಳುವೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಮನೆಯ ಗೇಟು ತೆಗೆಯುತ್ತಲೇ ಅವನು ಬೇರೆ ಮನುಷ್ಯನಾಗಿದ್ದ. "ಅಮ್ಮಾ, ಇಳಿದಿದೆ! ಗೆದ್ಬುಟ್ವಿ!" ಎಂದು ಕೂಗಿದ.

ಅಮ್ಮ ಅಳುತ್ತಲೇ ಶ್ಯಾವಿಗೆ ಪಾಯಸಕ್ಕೆ ಹಾಲಿಟ್ಟರು. ಅವರ ಮನಸ್ಸಿನಲ್ಲಿ ಕೇಡು ಇರಲಿಲ್ಲ. ಸೊಸೆ ಎಲ್ಲಿ ಕೈ ತಪ್ಪಿ ಹೋಗುತ್ತಾಳೋ ಎಂದು ಅಷ್ಟು ದಿನ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ ಅಮ್ಮ. "ಕುಡಿ ಕಣಮ್ಮ, ಗಂಡಾಂತರ ಕಳೀತು" ಎಂದು ಬಟ್ಟಲನ್ನು ಅತ್ತಿಗೆಯ ಕೈಗಿಟ್ಟರು. ಅತ್ತಿಗೆ ಅಣ್ಣನ ಮುಖ ನೋಡಿದರು. ಅವನು ನಗುತ್ತಿದ್ದ. ಬಟ್ಟಲು ಖಾಲಿಯಾಗುವವರೆಗೂ ಕುಡಿದು, "ಚೆನ್ನಾಗಿದೆ ಅತ್ತೆ" ಎಂದರು.

ಅಂಕಿ ಇಳಿಯುತ್ತಾ ಇಳಿಯುತ್ತಾ ಇಲ್ಲವೇ ಆಯಿತು. ಸುಧಾರಿಸಿಕೊಂಡು ಬರುತ್ತೇನೆಂದು ಅತ್ತಿಗೆ ಇಲವಾಲದ ತವರಿಗೆ ಹೋದರು. ಅಣ್ಣ ಕರೆಯಲು ಹೋದಾಗಲೆಲ್ಲ ಒಬ್ಬನೇ ಬಂದ. ಕೊನೆಗೆ ಕೋರ್ಟಿನಲ್ಲಿ ಮುಗಿಯಿತು. ಚಿಕಿತ್ಸೆ ಫಲಿಸಿತೆಂದೇ ಈಗಲೂ ನಮ್ಮ ಮನೆಯಲ್ಲಿ ಹೇಳುತ್ತಾರೆ. ಸುಳ್ಳಲ್ಲ, ಜೀವ ಉಳಿಯಿತು. ಆದರೆ ಅವರು ನಮಗೆ ಉಳಿಯಲಿಲ್ಲ. ಈಗ ಎಲ್ಲಿದ್ದಾರೋ... ಸತ್ತವರಿಗಾದರೆ ನೆನೆಯಲು ಒಂದು ತಿಥಿಯಾದರೂ ಇರುತ್ತದೆ.

ಮೊನ್ನೆ ಅಣ್ಣ ಮನೆಗೆ ಬಂದಿದ್ದ. ತಲೆ ಪೂರ್ತಿ ನೆರೆತಿದೆ. ಇಷ್ಟು ವರ್ಷ ಬಾಯಿಗೆ ಬರದಿದ್ದದ್ದನ್ನು ಕೇಳಿಯೇಬಿಟ್ಟೆ. ಅವನು ಕಾಫಿ ಲೋಟ ಕೆಳಗಿಟ್ಟು ಎದ್ದು ಹೊರಟ. ನಾನು ಕೇಳಿದ್ದು ಇಷ್ಟೇ:

"ಅಣ್ಣ, ಅವತ್ತು ನೀನು ಅತ್ತಿದ್ದು ಅತ್ತಿಗೆಗೆ ಯಾವತ್ತಾದ್ರೂ ಹೇಳಿದ್ಯಾ?"