ಇಸ್ಮಾಯಿಲಸಾಬನ ಒಂಬತ್ತು ಇಂಚು ಆರಾಣೆ

ಗಜೇಂದ್ರಗಡದಲ್ಲಿ ಟ್ರಂಕು ಮಾಡುವ ಇಸ್ಮಾಯಿಲಸಾಬನ ಅಂಗಡಿ ಕಟ್ಟೆಯ ಮೇಲೆ ನಾನು ಹನ್ನೊಂದು ವರ್ಷ ಬಳೆ ಮಾರಿದ್ದೇನೆ. ಅದಕ್ಕೂ ಮೊದಲು ಬುಟ್ಟಿ ಹೊತ್ತು ಮುಶಿಗೇರಿ, ರಾಜೂರ ತಿರುಗುತ್ತಿದ್ದೆ. ಮೊಣಕಾಲು ಸೋತ ಮೇಲೆ, ನನ್ನನ್ನು ಅಕ್ಕ ಎಂದುಕೊಂಡಿದ್ದ ಅವನೇ ಕರೆದ. "ಇಲ್ಲೇ ಕುಂದರ್ರಿ ಆಪಾ. ನನ್ನ ತಗಡಿನ ಸಪ್ಪಳ ನೀವು ಕೇಳ್ರಿ, ನಿಮ್ಮ ಬಳಿ ಸಪ್ಪಳ ನಾ ಕೇಳ್ತೀನಿ." ಬಾಡಿಗೆ ಎಂದು ಒಂದು ದಿನವೂ ಬಾಯಿ ಬಿಟ್ಟವನಲ್ಲ. ಅವನ ಬಡಾಯಿ ಮಾತ್ರ ಕೇಳಬೇಕಾಗಿತ್ತು.

ಬಡಾಯಿ ಒಂದೇ. ಅವನ ಕೈಯಿಂದ ಹೋದ ಪೆಟ್ಟಿಗೆ ಮೂವತ್ತು ವರ್ಷದಲ್ಲಿ ಒಂದೂ ದುರಸ್ತಿಗೆ ಹಿಂದಕ್ಕೆ ಬಂದಿಲ್ಲವಂತೆ. ಬಣ್ಣ ಹಚ್ಚಿದ ಪೆಟ್ಟಿಗೆಗೆ ಅವನು ಮತ್ತೆ ಕತ್ತರಿ ಹಾಕಿಲ್ಲವಂತೆ. ಬೀಗರ ಮನೆಗೆ ಹೋದರೂ ಮೊದಲು ಅವರ ಟ್ರಂಕಿನ ಮುಚ್ಚಳ ಎತ್ತಿ ಇಳಿಸಿ ನೋಡುತ್ತಿದ್ದ, ಆಮೇಲೆ ಕುಶಲ ಕೇಳುತ್ತಿದ್ದ.

2007ರಲ್ಲಿ ಅವನ ಮಗಳು ಯಾಸ್ಮಿನ, ಕಂಪ್ಯೂಟರ್ ಕಲಿತ ಹುಡುಗಿ, ಅಂಗಡಿಯ ಅರ್ಧ ಭಾಗದಲ್ಲಿ ಗೇಮ್ ಆಡಿಸುವ ಕಂಪ್ಯೂಟರ್ ಇಡುತ್ತೇನೆಂದಳು. ರಮಜಾನ್ ಈದ್‌ಗೆ ಶುರುವಾಗಬೇಕು. ಆ ದಿನ ಹುಡುಗರ ಕಿಸೆಯಲ್ಲಿ ಹಿರಿಯರು ಕೊಟ್ಟ ಈದಿ ದುಡ್ಡು ಇರುತ್ತದೆ, ಅದು ಸಂಜೆಯೊಳಗೆ ಖರ್ಚಾಗಿಬಿಡುತ್ತದೆ. ಸಾಮಾನು ಕೊಡುವವನು ರೋಣದ ಸಿದ್ದಾರೂಢ. ಕಂಪ್ಯೂಟರಿನ ಸಾಮಾನು ಕೂರಿಸುವ ಅವನ ಅಂಗಡಿಯ ರೆಡಿಮೇಡ್ ಕ್ಯಾಬಿನೆಟ್ಟನ್ನು ಇಸ್ಮಾಯಿಲಸಾಬ ಹೆಬ್ಬೆರಳಿನಿಂದ ಒತ್ತಿ ನೋಡಿದನಂತೆ.

"ಇದೇನ್ ತಗಡೋ ಹಪ್ಪಳೋ? ಎಣ್ಯಾಗ ಬಿಟ್ರ ಉಬ್ಬತೈತಿ! ಪೆಟಗಿ ನಾ ಮಾಡ್ತೀನಿ, ಹೊಟ್ಯಾಗಿಂದು ನೀ ಹಾಕು."

ಪೆಟ್ಟಿಗೆಯ ಹೊಟ್ಟೆಯಲ್ಲಿ ಮುಖ್ಯವಾದದ್ದು ಮದರ್‌ಬೋರ್ಡ್ ಎಂಬ ಹಲಗೆ. ಉಳಿದ ಸಾಮಾನೆಲ್ಲ ಅದಕ್ಕೇ ಸಿಕ್ಕಿಸುವುದು. ಯಾಸ್ಮಿನ ಸಿದ್ದಾರೂಢನಿಗೆ ಫೋನ್ ಮಾಡಿ ಆ ಹಲಗೆಯ ಅಳತೆ ಕೇಳಿ, ಚೀಟಿಯ ಮೇಲೆ ಬರೆದಿಟ್ಟು ಟ್ಯೂಶನ್ ಹೇಳಲು ಹೋದಳು. ಇಸ್ಮಾಯಿಲಸಾಬನ ಚಷ್ಮಾ ಮನೆಯಲ್ಲಿತ್ತು. ಚೀಟಿ ನನ್ನ ಕೈಗೆ ಕೊಟ್ಟ.

ನನಗೆ ಅಕ್ಷರ ಅಷ್ಟಕ್ಕಷ್ಟೇ, ಆದರೆ ಅಂಕಿ ತಪ್ಪುವುದಿಲ್ಲ. ಬಳೆಯ ಡಬ್ಬಿಯ ಮೇಲೆ 2.4, 2.6, 2.8 ಎಂದಿರುತ್ತದೆ. 2.6 ಎಂದರೆ ಎರಡು ಇಂಚು ಆರಾಣೆ. ನಮ್ಮ ಧಂದೆಯಲ್ಲಿ ಇಂಚಿಗೆ ಹದಿನಾರು ಆಣೆ. ಚೀಟಿಯ ಮೇಲೆ 9.6 ಎಂದಿತ್ತು.

"ಒಂಬತ್ತ ಇಂಚು ಆರಾಣಿ," ಎಂದೆ. "ಎರಡೂ ಕಡಿ ಅಷ್ಟ. ಚೌಕ."

"ಖಾತ್ರಿ ಐತೇನ್ರಿ ಆಪಾ?"

"ನಲವತ್ತ ವರ್ಷ ಒಂದ ಕೈ ಗೀರಲಾರದಂಗ ಬಳಿ ಇಡಿಸೀನಿ. ನನಗ ಖಾತ್ರಿ ಕೇಳ್ತೀಯೇನೋ?"

ಅವನು ಮತ್ತೆ ಕೇಳಲಿಲ್ಲ. ಎಂಟು ದಿನ ಬಡಿದ. ನೀಲಿ ಬಣ್ಣ, ಮೇಲೆ ಹಿಡಿಕೆ, ಹಿತ್ತಾಳೆಯ ಕೊಂಡಿ, ಬಾಗಿಲಿಗೆ ಎರಡು ಗುಲಾಬಿ ಹೂವು. "ಗೇಮಿಗೆ ಹೂವ ಯಾಕ ಅಬ್ಬಾ?" ಎಂದು ಯಾಸ್ಮಿನ ಹಣೆ ಬಡಿದುಕೊಂಡಳು. ಮೇಲೆ ಕೆಳಗೆ ಬೇರೆ ಸಾಮಾನಿಗೆ ಜಾಗ ಬಿಟ್ಟಿದ್ದ. ಹಿಂದು ಮುಂದು ಮಾತ್ರ ಬೋರ್ಡಿನ ಅಳತೆಗೆ ಒಂದು ಕೂದಲೆಳೆ ಹೆಚ್ಚು, ಅಷ್ಟೇ. ಒಳಗಿನ ಸಾಮಾನು ಅಲ್ಲಾಡಿದರೆ ಅದು ಪೆಟ್ಟಿಗೆಯಲ್ಲ, ಗಿಲಕಿ ಎನ್ನುತ್ತಿದ್ದ.

ಈದ್‌ಗೆ ಮೂರು ದಿನ ಇರುವಾಗ ನಾವು ಮೂವರೂ ರೋಣದ ಬಸ್ಸು ಹತ್ತಿದೆವು. ಅಳತೆ ಓದಿದವಳು ನಾನೆಂದು ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟಿದ್ದರು.

"ಪೆಟ್ಟಿಗ್ಯಾಗ ಏನೈತಬೇ?" ಎಂದ ಕಂಡಕ್ಟರ್.

"ಏನೂ ಇಲ್ಲೋ ಯಪ್ಪಾ."

"ಮತ್ತ ಯಾಕ ಹೊತಗೊಂಡ ಹೊಂಟೀರಿ?"

"ತುಂಬಾಕ."

ಅವನು ಲಗೇಜಿನ ಚೀಟಿ ಹರಿಯಲು ಹೋಗಿ, ಗುಲಾಬಿ ಹೂವು ನೋಡಿ, ಯಾರದೋ ಮದುವೆಯ ಸಾಮಾನು ಎಂದುಕೊಂಡು ಮುಂದೆ ಹೋದ.

ಸಿದ್ದಾರೂಢ ಚಹಾ ತರಿಸಲು ಹೊರಟು, ನಮಗೆ ರೋಜಾ ಉಪವಾಸ ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡು, ಎರಡು ಬೋರ್ಡು ತಂದಿಟ್ಟ. ಒಂದು ಚೌಕ, ಯಾಸ್ಮಿನ ಆರಿಸಿದ್ದು. ಅದರಲ್ಲಿ ಗೇಮಿನ ಕಾರ್ಡು ಕೂರಿಸುವ ಉದ್ದನೆಯ ಖಾನೆ ಇತ್ತು. ಇನ್ನೊಂದು ಸಣಕಲು, ಅದರಲ್ಲಿ ಆ ಖಾನೆ ಇರಲಿಲ್ಲ. ಇಸ್ಮಾಯಿಲಸಾಬ ಬಿಸ್ಮಿಲ್ಲಾ ಎಂದು ಚೌಕದ್ದನ್ನು ಪೆಟ್ಟಿಗೆಗೆ ಇಳಿಸಿದ. ಅದು ಇಳಿಯಲಿಲ್ಲ. ತಿರುಗಿಸಿದ. ಚೌಕವನ್ನು ಎಷ್ಟು ತಿರುಗಿಸಿದರೇನು?

ನಾನು ಬೆರಳಿಟ್ಟು ನೋಡಿದೆ. ಮೂರಾಣೆಗೆ ಹೆಚ್ಚು, ನಾಲ್ಕಾಣೆಗೆ ಕಡಿಮೆ ಬಿದ್ದಿತ್ತು.

"ನಾ ಹೇಳಿದ್ದು ಒಂಬತ್ತು ಪಾಯಿಂಟ್ ಆರ್ರೀ," ಎಂದ ಸಿದ್ದಾರೂಢ. "ಇಂಚಿಗೆ ಹತ್ತು ಭಾಗ ಮಾಡಿ, ಅದರಾಗ ಆರು."

"ಇಂಚಿಗೆ ಹತ್ತು ಭಾಗ ಯಾರ ಮಾಡ್ತಾರೋ?" ಎಂದ ಇಸ್ಮಾಯಿಲಸಾಬ.

"ಓದಿದವ್ರು," ಎಂದೆ ನಾನು. "ತಪ್ಪು ನಂದೈತಿ ತಮ್ಮಾ. ನಾ ಅದನ್ನ ಬಳಿ ಅಂದ್ಕೊಂಡೆ."

"ನೀವು ಓದಿದ್ದು ಖರೇನ ಐತಿ ಆಪಾ. ಬೋರ್ಡ್ ಮಾಡಿದವ್ರಿಗೆ ಆಣಿ ಲೆಕ್ಕ ಬರಂಗಿಲ್ಲ."

ಸಿದ್ದಾರೂಢ ಮೆಲ್ಲಗೆ, "ರೆಡಿಮೇಡ್ ಕ್ಯಾಬಿನೆಟ್ ಐತ್ರಿ ಸಾಹೇಬ್ರ..." ಎಂದ. ಇಸ್ಮಾಯಿಲಸಾಬ ನೋಡಿದ ನೋಟಕ್ಕೆ ಅವನು ಕಸಬರಿಗೆ ಹುಡುಕುತ್ತ ಒಳಗೆ ಹೋದ.

ಇಸ್ಮಾಯಿಲಸಾಬ ಸಣಕಲು ಬೋರ್ಡನ್ನು ಇಳಿಸಿ ನೋಡಿದ. ಸಲೀಸಾಗಿ ಕೂತಿತು. ಅವನ ಮುಖ ಅರಳಿತು. "ಇದ ಚಲೋ ಐತಲ್ಲ!"

"ಚಲೋ ಐತಿ ಅಬ್ಬಾ," ಎಂದಳು ಯಾಸ್ಮಿನ. "ಇದನ್ನ ತೊಗೊಳ್ಳೋಣ. ಕಾರಿನ ಗೇಮ್ ಓಡಂಗಿಲ್ಲ, ಇಸ್ಪೀಟಿನ ಎಲಿ ಆಟ ನಡೀತೈತಿ."

"ಈದ್ ದಿನ ಹುಡುಗ್ರು ಎಲಿ ಆಟಕ್ಕ ಬರ್ತಾರೇನ?" ಎಂದ ಇಸ್ಮಾಯಿಲಸಾಬ.

ಅವಳು ಪೆಟ್ಟಿಗೆಯ ಮೇಲಿನ ಗುಲಾಬಿಯ ಮೇಲೆ ಬೆರಳಾಡಿಸುತ್ತ ನಿಂತಳು. ಜಗಳ ಆಡಿದ್ದರೆ ಅವನು ಗೆಲ್ಲುತ್ತಿದ್ದ, ಅದು ನನಗೆ ಗೊತ್ತು. ಅವಳು ಸುಮ್ಮನಾದದ್ದಕ್ಕೆ ಅವನ ಹತ್ತಿರ ಉಪಾಯ ಇರಲಿಲ್ಲ. ಸ್ಕ್ರೂ ತೂತು ಕೊರೆಯಲೆಂದು ತಂದಿದ್ದ ಸಲಕರಣೆಯ ಚೀಲಕ್ಕೆ ಕೈ ಹಾಕಿ ತಗಡಿನ ಕತ್ತರಿ ತೆಗೆದ.

"ಅಬ್ಬಾ! ಬಣ್ಣ ಹಚ್ಚಿದ ಪೆಟಗಿಗೆ ಕತ್ತರಿ ಹಾಕಂಗಿಲ್ಲ ಅಂತಿದ್ರಿ!"

"ಪೆಟಗಿ ತಿರುಗಿ ನನ್ನ ಅಂಗಡಿಗೆ ಬಂದ್ರ ಹಾಕಂಗಿಲ್ಲ. ಇದು ಬಂದೈತೇನ? ಇದರ ಹಿಂದ ನಾನ ರೋಣಕ್ಕ ಬಂದೀನಿ. ಹಿಡಿ ಆ ಕಡಿ."

ಎದುರಿನ ತಗಡನ್ನು ಕಿಟಕಿಯ ಹಾಗೆ ಕೊಯ್ದ. ಅಂಗಡಿಯ ಹಿಂದೆ ಬಿದ್ದಿದ್ದ ಎಣ್ಣೆ ಡಬ್ಬಿಯ ತಗಡು ಬಗ್ಗಿಸಿ ಹೊರಗಿನಿಂದ ರಿವೆಟ್ ಹೊಡೆದ. ನೀಲಿ ಪೆಟ್ಟಿಗೆಗೆ ಉಂಡು ಕೂತವರ ಹಾಗೆ ಹೊಟ್ಟೆ ಬಂತು. ಒಳಗೆ ಒಂದು ತಗಡಿನ ಚೂರು ಉಳಿದರೂ ಬೋರ್ಡು ಸುಡುತ್ತದೆ ಎಂದು ಸಿದ್ದಾರೂಢ ಹೆದರಿದ. ಆ ಕೆಲಸ ನಾನು ತೆಗೆದುಕೊಂಡೆ. ಸೆರಗಿನ ತುದಿ ಒದ್ದೆ ಮಾಡಿ, ಮೂಲೆ ಮೂಲೆ ಒರೆಸಿ, ಚೂರುಗಳನ್ನು ಕಾಗದದ ಮೇಲೆ ಹಾಕಿದೆ. ಮೂವತ್ತೇಳು ಚೂರು. ಆಮೇಲೆ ಚೌಕದ ಬೋರ್ಡು ಇಳಿಯಿತು. ಗುಂಡಿ ಒತ್ತಿದಾಗ ಫ್ಯಾನು ತಿರುಗಿತು. ಯಾಸ್ಮಿನ ನಕ್ಕಳು. ಅವಳಪ್ಪ ಮಾತ್ರ ಪೆಟ್ಟಿಗೆಗೆ ಕಿವಿ ಹಚ್ಚಿ, ಏನಾದರೂ ಅಲ್ಲಾಡುತ್ತದೆಯೇ ಎಂದು ಕೇಳುತ್ತಿದ್ದ.

ಈದ್ ದಿನ ಹುಡುಗರು ನನ್ನ ಬಳೆಯ ಡಬ್ಬಿ ದಾಟಿಕೊಂಡು ಒಳಗೆ ನುಗ್ಗಿದರು. ಪರದೆಯ ಮೇಲೆ ಕಾರು ಓಡಿತು, ಗೋಡೆಗೂ ಹೊಡೆಯಿತು. ಸಂಜೆ ಕಾಳಿನ ವ್ಯಾಪಾರಿ ಅಂದಾನೆಪ್ಪ ಬಂದು ಆ ಹೊಟ್ಟೆಯ ಪೆಟ್ಟಿಗೆಯನ್ನು ಸುತ್ತಲೂ ನೋಡಿ, "ನಮ್ಮ ಮನಿ ಕಂಪ್ಯೂಟರಿಗೂ ಇಂಥಾದ್ದೊಂದ ಮಾಡಿ ಕೊಡ ಸಾಬಾ. ಹೊಟ್ಟಿ ಇರಲಿ, ಹೂವ ಬ್ಯಾಡ," ಎಂದ.

"ಮಾಡ್ತೀನ್ರಿ," ಎಂದ ಇಸ್ಮಾಯಿಲಸಾಬ, ನನ್ನ ಕಡೆ ನೋಡದೆ. "ಆದ್ರ ಮೊದಲ ಬೋರ್ಡ್ ತೊಗೊಂಡ ಬರ್ರಿ. ಅಳತಿ ಬರದ ಕಳಸಬ್ಯಾಡ್ರಿ. ನಮ್ಮ ಕಟ್ಟಿ ಮ್ಯಾಲ ಓದಿದವ್ರು ಭಾಳ ಅದಾರ."