ನೋಡಿದವರು

ನಾನು ನಿಂತಿದ್ದದ್ದು ಮನೆಯ ಮುಂಭಾಗದ ಚಾವಡಿಯ ಬಾಗಿಲಿನ ಎಡಕ್ಕೆ, ಗೋಡೆ ಗಡಿಯಾರದ ಕೆಳಗೆ. ಮೇಜು ನನ್ನಿಂದ ಮೂರು ಹೆಜ್ಜೆ ದೂರದಲ್ಲಿತ್ತು. ಏಪ್ರಿಲ್ ತಿಂಗಳ ಒಂದು ಶನಿವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಗಡಿಯಾರ ನನ್ನ ತಲೆಯ ಮೇಲಿತ್ತು, ಅದನ್ನು ನೋಡುವಂತಿರಲಿಲ್ಲ. ಎದುರಿನ ಗಾಜಿನ ಕಪಾಟಿನಲ್ಲಿ ಕಂಡ ಅದರ ಪ್ರತಿಬಿಂಬವನ್ನು ಎಡಬಲ ಮಾಡಿ ಓದಿಕೊಂಡೆ. ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಅದಕ್ಕಿಂತ ಒಂಬತ್ತು ದಿನ ಮೊದಲು, ಅದೇ ಮೇಜಿನ ಬಳಿ, ನೋಡದೇ ಇದ್ದದ್ದನ್ನು ನೋಡಿದ್ದೇನೆಂದು ನಾನು ಸಹಿ ಹಾಕಿದ್ದೆ.

ಅದಕ್ಕೀಗ ಹನ್ನೊಂದು ವರ್ಷ. ಹೋದ ವಾರ ನನ್ನ ಕೋಣೆಯ ಕಪಾಟಿನ ಮೇಲಿನ ಖಾನೆ ಒರೆಸುವಾಗ ಕಂದು ಲಕೋಟೆಯಲ್ಲಿದ್ದ ಒಂದು ಎಕ್ಸ್‌ರೇ ಫಿಲ್ಮ್ ಕೈಗೆ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದೆ. ಅದರಲ್ಲಿ ಎಲುಬುಗಳಿರಲಿಲ್ಲ. ಮಂಜಿನಂತೆ ಮಸುಕಾದ ಎರಡು ರೆಕ್ಕೆ, ಮೂಗಿನ ಒಳಗೆ ಕಡಲೆ ಗಾತ್ರದ ಅಚ್ಚ ಬಿಳಿಯ ಗುಂಡು, ಬಾಲದ ಹತ್ತಿರ ಅಕ್ಕಿ ನುಚ್ಚಿನಷ್ಟು ಒಂದು ಬಿಳಿ ಚೂರು. ಆ ಚೂರನ್ನು ಕಂಡದ್ದೇ ತಡ, ಪ್ಲಾಸ್ಟಿಕ್ ಅಂಟಿನ ಆ ಘಾಟು ಮೂಗಿಗೆ ಬಂತು. ಫಿಲ್ಮಿಗೆ ಯಾವ ವಾಸನೆಯೂ ಇರಲಿಲ್ಲ, ನನಗೆ ಗೊತ್ತು...

ಬಿಜೈಯಲ್ಲಿ ನಾವು ಬಾಡಿಗೆಗಿದ್ದದ್ದು, ಈಗಲೂ ಇರುವುದು, ಆ ಮನೆಯ ಮಾಳಿಗೆಯಲ್ಲಿ. ಕೆಳಗೆ ಮನೆಯ ಯಜಮಾನರು ಮತ್ತು ಅವರ ಹೆಂಡತಿ. ನಮ್ಮ ಕರಾವಳಿಯ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬುಗಳು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುತ್ತಾರೆ. ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು, ಮುಸ್ಲಿಮರನ್ನು ಕರೆಯುವ ಹಾಗೆ, ಸಾಹೇಬ್ರು ಎಂದರು. ಇಪ್ಪತ್ತು ವರ್ಷ ಈ ಎರಡು ಹೆಸರುಗಳಲ್ಲೇ ನಮ್ಮ ವ್ಯವಹಾರ ನಡೆಯಿತು. ನಾನು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಅವರು ವಿಮಾನಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು.

ಕೆಳಗಿನ ಚಾವಡಿಯ ಮೇಜಿನ ಮೇಲೆ ಯಾವಾಗಲೂ ಒಂದು ಅರ್ಧ ಕಟ್ಟಿದ ವಿಮಾನ ಇರುತ್ತಿತ್ತು. ಪ್ಲಾಸ್ಟಿಕ್ಕಿನ ಯುದ್ಧ ವಿಮಾನಗಳು. ಪೆಟ್ಟಿಗೆ ತೆರೆದರೆ ಬೂದು ಬಣ್ಣದ ಚೌಕಟ್ಟುಗಳಿಗೆ ಅಂಟಿಕೊಂಡ ನೂರಾರು ಬಿಡಿಭಾಗಗಳು. ಒಂದೊಂದನ್ನೂ ಬ್ಲೇಡಿನಿಂದ ಬಿಡಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿಯಬೇಕು. ದುಬೈಯಲ್ಲಿದ್ದ ತಮ್ಮನ ಮಗ ರಜೆಗೆ ಬರುವಾಗಲೆಲ್ಲ ಒಂದು ಪೆಟ್ಟಿಗೆ ತರುತ್ತಿದ್ದ. ಅಂಟು ಒಣಗುವ ತನಕ ಎರಡು ಹೋಳುಗಳನ್ನು ಹಿಡಿದಿಡಲು ಪೊರ್ಬುಗಳು ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಬಳಸುತ್ತಿದ್ದರು. ಬಾಯಮ್ಮ ಗಂಡನನ್ನು ಬೈಯುವುದು ಕೊಂಕಣಿಯಲ್ಲಿ. ಕನ್ನಡದಲ್ಲಿ ಬೈದರೆ ಅದರಲ್ಲಿ ನನ್ನ ಪಾಲೂ ಇದೆ ಎಂದು ಅರ್ಥ.

"ನನ್ನ ಬಟ್ಟೆಯೆಲ್ಲ ಹಾರಿ ಪಕ್ಕದ ಮನೆಗೆ ಹೋಗ್ತದೆ. ಇವರ ವಿಮಾನ ಮಾತ್ರ ಒಂದೂ ಹಾರುವುದಿಲ್ಲ ಮಾರಾಯ್ರೆ!"

ನನ್ನ ಪಾಲು ಶುರುವಾದದ್ದು ಗುಂಡಿನಿಂದ. ಜೆಟ್ ವಿಮಾನದ ಮಾದರಿಗೆ ಬಾಲದ ಕಡೆ ಭಾರ ಹೆಚ್ಚು. ಮೂಗಿನೊಳಗೆ ಏನಾದರೂ ತೂಕ ಅಂಟಿಸದೆ ಮುಚ್ಚಿದರೆ, ಕೊನೆಗೆ ಚಕ್ರದ ಮೇಲೆ ನಿಲ್ಲಿಸುವಾಗ ಅದು ಮೂತಿ ಎತ್ತಿ ಬಾಲದ ಮೇಲೆ ಕೂತುಬಿಡುತ್ತದೆ. ಬಂದರಿನಲ್ಲಿ ನನ್ನ ಅಣ್ಣನಿಗೆ ಬಲೆ, ಹಗ್ಗದ ಅಂಗಡಿ ಇತ್ತು. ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಒಂದು ಮುಷ್ಟಿ ತಂದುಕೊಟ್ಟೆ. ಪೊರ್ಬುಗಳು ಒಂದನ್ನು ಅಂಗೈಯಲ್ಲಿ ತೂಗಿ ನೋಡಿ, "ಮೀನು ಹಿಡಿಯುವ ಗುಂಡು ವಿಮಾನ ಹಿಡಿಯಿತು" ಎಂದು ನಕ್ಕರು.

ಅಂದಿನಿಂದ ನನಗೆ ಇನ್ನೊಂದು ಕೆಲಸವೂ ಸಿಕ್ಕಿತು. ಅವರ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಪ್ರತಿ ಪುಟದಲ್ಲಿ ಎರಡು ಸಾಲು: ಮಾಡಿದವರು, ನೋಡಿದವರು. ವಿಮಾನದ ಹೊಟ್ಟೆಯ ಎರಡು ಹೋಳುಗಳನ್ನು ಸೇರಿಸಿ ಮುಚ್ಚುವ ಮೊದಲು ಒಳಗೆ ಏನಿದೆ, ಏನಿರಬಾರದು ಎಂದು ಎರಡನೆಯವರೊಬ್ಬರು ನೋಡಿ ಸಹಿ ಹಾಕಬೇಕು. ಪಡೆಯಲ್ಲಿದ್ದಾಗಿನ ನಿಯಮ ಅದು. ಗೋಡೆಗೆ ಒಂದು ಹಲಗೆ ಹೊಡೆದು ಪ್ರತಿ ಉಪಕರಣದ ಆಕಾರವನ್ನು ಪೆನ್ಸಿಲಿನಲ್ಲಿ ಬರೆದಿದ್ದರು. ಚಿಮಟ ಚಿಮಟದ ನೆರಳಿಗೆ, ಬ್ಲೇಡು ಬ್ಲೇಡಿನ ನೆರಳಿಗೆ ಮರಳಬೇಕು. ಸಂಜೆ ಎಲ್ಲವನ್ನೂ ಎಣಿಸಿದ ಮೇಲೆಯೇ ಕೈ ತೊಳೆಯುತ್ತಿದ್ದರು.

"ಸಾಹೇಬ್ರೇ, ಒಳಗೆ ಎಂತ ಉಂಟು ಹೇಳಿ" ಎನ್ನುತ್ತಿದ್ದರು. ನಾನು ಟಾರ್ಚ್ ಬಿಟ್ಟು ನೋಡಿ, ಗುಂಡು ಉಂಟು, ಬೇರೆ ಎಂತದೂ ಇಲ್ಲ ಎಂದು ಹೇಳಿ ಸಹಿ ಹಾಕುತ್ತಿದ್ದೆ. ಮುದುಕರ ಆಟ ಎಂದುಕೊಂಡಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಆ ವರ್ಷ ಮಾರ್ಚಿನಲ್ಲಿ ಅವರು ಕಟ್ಟತೊಡಗಿದ್ದು ಒಬ್ಬನೇ ಕೂರುವ, ಒಂದೇ ಎಂಜಿನಿನ ಜೆಟ್. ಅದರ ಬಾಲದ ಮೇಲೆ ಪೆಟ್ಟಿಗೆಯಲ್ಲಿ ಕೊಟ್ಟಿದ್ದ ಅಂಕಿಗಳನ್ನು ಅಂಟಿಸಲಿಲ್ಲ. ಬೇರೊಂದು ನಂಬರನ್ನು ಕೈಯಿಂದಲೇ ಬರೆಯುವುದೆಂದು ಕಾಗದದ ಮೇಲೆ ದಿನವೂ ಅಭ್ಯಾಸ ಮಾಡುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ಕೈಯೂ ಸ್ವಲ್ಪ ನಡುಗುತ್ತಿತ್ತು. ಯಾರಿಗೆ ಎಂದು ಕೇಳಿದೆ. ಅವರು ಕೆಲಸ ಮಾಡುತ್ತಿದ್ದ ನಿಲ್ದಾಣದಲ್ಲಿ ಒಬ್ಬ ತರುಣ ಪೈಲಟ್ ವಿಮಾನ ಬಿದ್ದು ತೀರಿಕೊಂಡಿದ್ದರಂತೆ. ಅವರ ಹೆಂಡತಿ ಮೈಸೂರಿನವರು. ಅಂದು ಆಕೆಯ ಟ್ರಂಕನ್ನು ರೈಲಿಗೆ ಹೊತ್ತುಕೊಟ್ಟವರು ಪೊರ್ಬುಗಳು. ಅಂದಿನಿಂದ ಪ್ರತಿ ಕ್ರಿಸ್‌ಮಸ್‌ಗೆ ಒಂದು ಕಾಗದ ಬರೆಯುತ್ತಿದ್ದರು. ಜನವರಿಯಲ್ಲಿ ಉತ್ತರ ಬರುತ್ತಿತ್ತು. ಈಗ ಆ ಅಮ್ಮ ಉರ್ವದಲ್ಲಿ ನೆಂಟರ ಮದುವೆಗೆ ಬರುವವರಿದ್ದರು. ಮನೆಗೂ ಬರುತ್ತೇನೆಂದು ಬರೆದಿದ್ದರು.

ವಿಮಾನವನ್ನು ಮುಚ್ಚಿದ್ದು ಒಂದು ಗುರುವಾರ ಮಧ್ಯಾಹ್ನ. ನನಗೆ ಡ್ಯೂಟಿಗೆ ತಡವಾಗಿತ್ತು. ಸ್ಕೂಟರ್ ಚಾಲೂ ಮಾಡಿ ಗೇಟಿನ ಬಳಿ ಬಿಟ್ಟಿದ್ದೆ. ಪೊರ್ಬುಗಳು ಎರಡು ಹೋಳುಗಳನ್ನು ನನ್ನ ಮುಂದಿಟ್ಟು ಕ್ಲಿಪ್ ಹುಡುಕಲು ಒಳಗೆ ಹೋದರು. ನಾನು ತಲೆ ಬಗ್ಗಿಸಿದೆ, ಪೆನ್ನು ತೆಗೆದೆ, ಸಹಿ ಹಾಕಿದೆ. ಟಾರ್ಚ್ ಮುಟ್ಟಲಿಲ್ಲ.

ಸಂಜೆ ನಾನು ಬರುವಾಗ ಅವರು ಕುರ್ಚಿಯಲ್ಲಿ ಕೂತಿದ್ದರು. ಹಲಗೆಯಲ್ಲಿ ಎಲ್ಲ ಉಪಕರಣಗಳೂ ಇದ್ದವು. ಆದರೆ ಬ್ಲೇಡಿನ ತುದಿ ಅದರ ನೆರಳಿಗಿಂತ ಒಂದು ನೂಲು ಗಿಡ್ಡವಾಗಿತ್ತು. ವಿಮಾನವನ್ನು ಎತ್ತಿ ನನ್ನ ಕಿವಿಯ ಬಳಿ ಓರೆ ಮಾಡಿದರು. ಒಳಗೆ ಏನೋ ಜಾರಿ, ಕಿಣಿ ಎಂದಿತು.

"ನೋಡಿದಿರಾ?" ಎಂದು ಕೇಳಿದರು.

ನಾನು ನಗುತ್ತಲೇ ಹೇಳಿದೆ: "ನೀವು ನೋಡಿದ ಮೇಲೆ ನಾನು ನೋಡುವುದೆಂತ ಪೊರ್ಬುಗಳೇ? ನೀವು ನೋಡಿದರೆ ನಾನು ನೋಡಿದ ಹಾಗೆಯೇ."

ನಮ್ಮಲ್ಲಿ ಅದು ಮರ್ಯಾದೆಯ ಮಾತು. ಹಿರಿಯರ ಕೆಲಸವನ್ನು ತಿರುವಿ ನೋಡಬಾರದು. ನೋಡಿದರೆ ಅವರ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದೆ. ಆದರೆ ಆ ಮಾತು ಕೇಳಿ ಪೊರ್ಬುಗಳ ಮುಖದಿಂದ ರಕ್ತ ಇಳಿದದ್ದನ್ನು ನಾನು ಕಂಡೆ. ಅವರು ವಿಮಾನವನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು.

"ನಾನೂ ಇದನ್ನೇ ಹೇಳಿದ್ದು" ಎಂದರು. "ಇದೇ ಮಾತು."

ವಿಮಾನಪಡೆಯಲ್ಲಿದ್ದ ಆಗ ಅವರಿಗೆ ಇಪ್ಪತ್ತಾರು ವರ್ಷ. ಕೆಲಸ ಕಲಿಸಿದ ಹಿರಿಯರೊಬ್ಬರು ಪೈಲಟ್‌ನ ಆಸನದ ಹಿಂದಿನ ಒಂದು ಮುಚ್ಚಳದ ಕೆಲಸ ಮುಗಿಸಿದ್ದರು. ಎರಡನೆಯ ಕಣ್ಣು ಇವರದ್ದು. ನೀವು ನೋಡಿದರೆ ನಾನು ನೋಡಿದ ಹಾಗೆಯೇ ಎಂದು ಹೇಳಿ ಸಹಿ ಹಾಕಿದರು. ಮರುದಿನ ಬೆಳಿಗ್ಗೆ ಆ ತರುಣ ಪೈಲಟ್ ಹಾರಿಸಿದ್ದ ಅದೇ ವಿಮಾನ ಬಿತ್ತು. ಹಕ್ಕಿ ಬಡಿದು ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಮುಚ್ಚಳದ ವಿಷಯವನ್ನು ಯಾರೂ ಕೇಳಲಿಲ್ಲ. ಉಪಕರಣಗಳ ಲೆಕ್ಕ ಸರಿಯಾಗಿತ್ತು. "ಆದರೆ ಒಂದು ಸ್ಕ್ರೂ ಬಿದ್ದಿದ್ದರೆ, ಒಂದು ತುಂಡು ಬಟ್ಟೆ ಉಳಿದಿದ್ದರೆ... ಅದಕ್ಕೆ ಹಲಗೆಯಲ್ಲಿ ನೆರಳು ಇಲ್ಲ ಸಾಹೇಬ್ರೇ. ಏನೂ ಇರಲಿಲ್ಲವೋ ಏನೋ. ನಾನು ನೋಡಲಿಲ್ಲ. ಅಷ್ಟೇ ನನಗೆ ಗೊತ್ತಿರುವುದು."

ಮರುದಿನ ನಾನು ವಿಮಾನವನ್ನು ಟವೆಲಿನಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ದೆ. ಊಟದ ಹೊತ್ತಿನಲ್ಲಿ, ಸಣ್ಣ ಮಗುವಿನ ಮಣಿಕಟ್ಟಿಗೆ ಇಡುವಷ್ಟು ಕಡಿಮೆ ಕಿರಣ ಇಟ್ಟು ಒಂದು ಚಿತ್ರ ತೆಗೆದೆ. ಫಿಲ್ಮನ್ನು ಅವರು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗುಂಡು ಅದರ ಜಾಗದಲ್ಲಿತ್ತು. ಬ್ಲೇಡಿನ ತುದಿ ಬಾಲದಲ್ಲಿತ್ತು. "ಅಂದು ಹೀಗೊಂದು ಇದ್ದಿದ್ದರೆ" ಎಂದು ಶುರು ಮಾಡಿದವರು ನಿಲ್ಲಿಸಿದರು.

ಬಿಡಿಸಿ ತೆಗೆಯುವ ಎಂದೆ, ಇನ್ನೂ ದಿನ ಉಂಟು ಎಂದೆ. ಅವರು ಒಪ್ಪಲಿಲ್ಲ. ನೋಟ್‌ಬುಕ್ ನನ್ನ ಮುಂದೆ ಸರಿಸಿ, ನಡೆದದ್ದನ್ನು ಬರೆಯಿರಿ ಎಂದರು. ನಾನು ನನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದು, 'ನೋಡದೆ ಸಹಿ ಹಾಕಿದ್ದೇನೆ' ಎಂದು ಬರೆದೆ. ಮೂರೇ ಪದ.

"ಹೀಗೆಯೇ ಕೊಡ್ತೇನೆ" ಎಂದರು. "ಶಬ್ದ ಎಂತದು ಅಂತ ಅವರು ಕೇಳಿದರೆ ಎಲ್ಲವನ್ನೂ ಹೇಳ್ತೇನೆ. ಕೇಳದಿದ್ದರೆ..."

ಬಾಯಮ್ಮ ಒಳಗಿನಿಂದ ಬಂದರು. ಅವರಿಗೆ ಈ ವಿಷಯ ಮೊದಲೇ ಗೊತ್ತಿತ್ತು. "ಇಷ್ಟು ವರ್ಷ ಹಕ್ಕಿ ಅಂತ ನಂಬಿ ಆ ಹೆಂಗಸು ಬದುಕಿದ್ದಾಳೆ. ನೀವು ಹಗುರ ಆಗಲಿಕ್ಕೆ ಅವಳ ತಲೆ ಮೇಲೆ ಹೊರಿಸುವುದಾ?" ಎಂದರು. ಕನ್ನಡದಲ್ಲಿಯೇ ಹೇಳಿದರು. ಪೊರ್ಬುಗಳು ನೋಟ್‌ಬುಕ್ ಮುಚ್ಚಿಟ್ಟರು.

ಆ ಶನಿವಾರ ಅಮ್ಮ ರಿಕ್ಷಾದಲ್ಲಿ ಬಂದರು. ಕಾಟನ್ ಸೀರೆ, ಕನ್ನಡಕ, ನೆಟ್ಟಗಿನ ಬೆನ್ನು. ಚಾ ಆಯಿತು, ಗೋಳಿಬಜೆ ಆಯಿತು, ಮದುವೆಯ ಊಟದ ಮಾತಾಯಿತು. ವಿಮಾನ ಮೇಜಿನ ಮೇಲೆ ಮೂರು ಚಕ್ರಗಳ ಮೇಲೆ ಸರಿಯಾಗಿ ನಿಂತಿತ್ತು. ಬಾಲದ ನಂಬರನ್ನು ಅವರು ನೋಡಿದರು, ಮುಟ್ಟಲಿಲ್ಲ. ಹೊರಡಲು ಎದ್ದಾಗ ಎರಡೂ ಕೈಗಳಿಂದ ಎತ್ತಿದರು. ಮೂಗು ಸ್ವಲ್ಪ ಮೇಲಾಯಿತು. ಕಿಣಿ.

ಆಗಲೇ ನಾನು ಗಡಿಯಾರ ನೋಡಿದ್ದು.

"ಒಳಗೇನೋ ಇದೆ" ಎಂದರು ಅಮ್ಮ.

ಬಾಯಮ್ಮ ಥಟ್ಟನೆ, "ಪ್ಲಾಸ್ಟಿಕ್ ಅಲ್ವಾ ಅಮ್ಮ, ಹಾಗೆ ಆಗ್ತದೆ" ಎಂದರು. ತಪ್ಪಿಸಿಕೊಳ್ಳಲು ಬಾಗಿಲು ತೆರೆದುಕೊಟ್ಟ ಹಾಗಿತ್ತು ಆ ಮಾತು. ಪೊರ್ಬುಗಳು ಹೆಂಡತಿಯ ಮುಖ ನೋಡಿದರು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದು ನಿಂತು, ಎರಡೂ ತೋಳುಗಳನ್ನು ನೇರ ಇಳಿಬಿಟ್ಟು, ಮೇಲಧಿಕಾರಿಗೆ ವರದಿ ಒಪ್ಪಿಸುವವರಂತೆ ಹೇಳಿದರು. ಮೊದಲು ಈ ವಿಮಾನದ್ದು. ಆಮೇಲೆ ಆ ವಿಮಾನದ್ದು. ಎಲ್ಲಿಯೂ ಅಳಲಿಲ್ಲ, ಕ್ಷಮಿಸಿ ಎಂಬ ಪದವನ್ನೂ ಬಳಸಲಿಲ್ಲ. ನೋಟ್‌ಬುಕ್ ತೆರೆದು ಅವರ ಮುಂದಿಟ್ಟರು.

ಅಮ್ಮ ಓದಿದರು. "ಈ ಅಡ್ಡಗೆರೆ, ಈ ಬರಹ ಯಾರದ್ದು?"

"ನನ್ನದು" ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಪೊರ್ಬುಗಳಿಗೇ ಹೇಳಿದರು: "ಇವರು ಮರುದಿನವೇ ಬರೆದಿದ್ದಾರೆ. ನೀವು ವರ್ಷಕ್ಕೊಂದು ಕಾಗದ ಬರೆದಿರಿ. ಇದೊಂದನ್ನು ಬರೆಯಲಿಲ್ಲ."

"ಇಲ್ಲ" ಎಂದರು ಪೊರ್ಬುಗಳು.

ಗಡಿಯಾರ ನೋಡುವ ಧೈರ್ಯ ನನಗೆ ಮತ್ತೆ ಬರಲಿಲ್ಲ. ಅಮ್ಮ ಅತ್ತರೋ ಇಲ್ಲವೋ ಗೊತ್ತಿಲ್ಲ. ನನಗೆ ಕಂಡದ್ದು ಅವರ ಬೆನ್ನು. ಬಾಯಮ್ಮ ಒಂದು ಟವೆಲ್ ತಂದರು. ವಿಮಾನವನ್ನು ಅದರಲ್ಲಿ ಸುತ್ತಿ ಅಮ್ಮ ಮಡಿಲಲ್ಲಿಟ್ಟುಕೊಂಡು ರಿಕ್ಷಾ ಹತ್ತಿದರು. ಬಾಯಮ್ಮನಿಗೆ ಬರ್ತೀನಿ ಎಂದರು. ಪೊರ್ಬುಗಳಿಗೆ ಹೇಳಲಿಲ್ಲ.

ಆ ಡಿಸೆಂಬರಿನಲ್ಲಿ ಪೊರ್ಬುಗಳು ಎಂದಿನಂತೆ ಕಾಗದ ಬರೆದರು. ಜನವರಿಯ ಮೊದಲ ವಾರ ಉತ್ತರ ಬರಲಿಲ್ಲ, ಎರಡನೆಯ ವಾರವೂ ಬರಲಿಲ್ಲ. ಅಂಚೆಯವನ ಸೈಕಲ್ ಗೇಟು ದಾಟಿ ಹೋಗುವ ತನಕ ಅವರು ಬ್ಲೇಡು ಕೈಗೆತ್ತಿಕೊಳ್ಳುತ್ತಿರಲಿಲ್ಲ. ತಿಂಗಳ ಕೊನೆಗೆ ಒಂದು ಕಾರ್ಡು ಬಂತು. ಎರಡೇ ಸಾಲು. 'ವಿಮಾನ ಕಿಟಕಿಯ ಹತ್ತಿರ ಇಟ್ಟಿದ್ದೇನೆ. ಒರೆಸುವಾಗ ಶಬ್ದ ಮಾಡುತ್ತದೆ.'

ಅವರು ಅದನ್ನು ನೋಟ್‌ಬುಕ್ಕಿಗೆ ಅಂಟಿಸಿ ನನ್ನನ್ನು ಕರೆದರು. "ಓದಿ. ಓದಿದ ಮೇಲೆ ಸಹಿ." ನಾನು ಎರಡು ಸಲ ಓದಿ ಸಹಿ ಹಾಕಿದೆ. ಅದು ಕ್ಷಮೆಯೋ ಅಲ್ಲವೋ ಅವರು ಕೇಳಲಿಲ್ಲ. ಕೇಳಿದ್ದರೆ ನನಗೆ ಕಂಡದ್ದು ಎರಡು ಸಾಲು ಎಂದಷ್ಟೇ ಹೇಳುತ್ತಿದ್ದೆ. ಮರುವರ್ಷ ಮಳೆಗಾಲ ಹಿಡಿಯುವ ಮುಂಚೆ ಅವರು ತೀರಿಕೊಂಡರು. ಮೇಜಿನ ಮೇಲೆ ಕ್ಲಿಪ್ಪುಗಳ ಹಿಡಿತದಲ್ಲಿ ಒಂದು ರೆಕ್ಕೆ ಉಳಿದಿತ್ತು. ಅದನ್ನು ಬಿಡಿಸುವವರಿಲ್ಲದೆ ಬಹಳ ದಿನ ಹಾಗೆಯೇ ಇತ್ತು...

ಹೋದ ವಾರ ಫಿಲ್ಮನ್ನು ಕೆಳಗೆ ಒಯ್ದು ಬಾಯಮ್ಮನ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು, "ಯಾರ ಎಲುಬು ಇದು ಸಾಹೇಬ್ರೇ, ಸಪೂರ ಉಂಟಲ್ಲ?" ಎಂದರು. ಆಮೇಲೆ ಗುರುತು ಸಿಕ್ಕಿತು. ಹಲಗೆ ಈಗಲೂ ಗೋಡೆಯಲ್ಲಿದೆ. ಉಪಕರಣಗಳನ್ನು ಯಾರಿಗೋ ಕೊಟ್ಟಾಗಿದೆ, ಪೆನ್ಸಿಲಿನ ನೆರಳುಗಳು ಮಾತ್ರ ಉಳಿದಿವೆ. ಬಾಯಮ್ಮ ಅದರ ಕಡೆ ನೋಡುತ್ತಾ, "ಅಂದು ಸುಳ್ಳು ಹೇಳಿದ್ದು ನಾನೊಬ್ಬಳೇ" ಎಂದರು.

ಆ ಶಬ್ದವನ್ನು ಆ ಚಾವಡಿಯಲ್ಲಿ ಕೇಳಿದವರು ನಾಲ್ವರು. ಎದ್ದುನಿಂತು ಹೇಳಿದವರು ಈಗಿಲ್ಲ. ಮೈಸೂರಿನ ಅಮ್ಮ ಇದ್ದಾರೆ; ಈ ಜನವರಿಯಲ್ಲೂ ಬಾಯಮ್ಮನಿಗೆ ಅವರ ಕಾರ್ಡು ಬಂದಿದೆ, ನಾನೇ ಓದಿ ಹೇಳಿದ್ದೇನೆ. ಬಾಯಮ್ಮ ಇದ್ದಾರೆ, ಕೆಳಗಿನ ಮನೆಯಲ್ಲಿ. ಮತ್ತೆ ನಾನು.