ಒಂದು ನಳಿಗೆಯನ್ನೂ ಕತ್ತರಿಸದ ಮೊಯಿದಿನಬ್ಬ

"ಮದ್ದು ಹಾಕಿಯೇ ಗುಂಡು ತುಂಬಿದ್ದು ಬ್ಯಾರಿಗಳೇ, ಅದರಲ್ಲಿ ಸಂಶಯವೇ ಬೇಡ. ಬೇಕಾದರೆ ಇಗರ್ಜಿಯಲ್ಲಿ ಶಿಲುಬೆಯ ಮುಂದೆ ನಿಂತು ಹೇಳುತ್ತೇನೆ," ಎನ್ನುತ್ತಾರೆ ಕೃಷಿಕ ರೇಮಂಡ್.

"ಇಗರ್ಜಿ ಯಾಕೆ ಪೊರ್ಬುಗಳೇ, ಈ ಕೋಲೇ ಹೇಳುತ್ತದೆ," ಎನ್ನುತ್ತಾ ಮೊಯಿದಿನಬ್ಬ ಕೋವಿಯ ಬಾಯಿಯಿಂದ ಒಂದು ಬಿದಿರಿನ ಕೋಲು ಇಳಿಸುತ್ತಾರೆ.

ಬೆಳಗಿನ ಆರು ಗಂಟೆ. ಕಾರ್ಕಳದ ಹೊರವಲಯದಲ್ಲಿ, ಕಲ್ಲಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕ, ಮನೆಗೆ ತಾಗಿದ ತಗಡಿನ ಶೆಡ್ಡು. ಒಳಗೆ ಮೊಯಿದಿನಬ್ಬರ ಮೇಜಿನ ಮೇಲೆ ರೇಮಂಡ್ ಅವರ ಅಜ್ಜನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ ಮಲಗಿದೆ. ಬಾಯಿ ಮರಳಿನ ಚೀಲಗಳ ಕಡೆಗೆ. ಈ ಕೋವಿಗೆ ಮದ್ದು, ಬಟ್ಟೆಚೂರು, ಗುಂಡು ಎಲ್ಲವನ್ನೂ ಬಾಯಿಯಿಂದಲೇ ತುರುಕಬೇಕು. ಹಿಂದಿನ ನಿಪ್ಪಲ್ ಎಂಬ ತೂತಿನ ಮೊಳೆಯ ಮೇಲೆ ಕೇಪು, ಅಂದರೆ ಸಿಡಿಯುವ ಪುಟ್ಟ ಟೋಪಿ, ಇಟ್ಟು ಕುದುರೆ ಬಿಟ್ಟರೆ ಬೆಂಕಿ ಒಳಗೆ ಹೋಗುತ್ತದೆ. ರೇಮಂಡ್ ಮೂರು ಸಲ ಕುದುರೆ ಬಿಟ್ಟಿದ್ದಾರೆ. ಮೂರು ಸಲವೂ ಟಪ್ ಎಂದದ್ದು ಬಿಟ್ಟರೆ ಬೇರೇನೂ ಆಗಿಲ್ಲ.

ಚುನಾವಣೆ ಬಂದಿದೆ. ಬೆಳೆ ಕಾಯುವ ಕೋವಿಗಳನ್ನೆಲ್ಲ ಇವತ್ತು ಮಧ್ಯಾಹ್ನದ ಒಳಗೆ ಠಾಣೆಯಲ್ಲಿ ಇಡಬೇಕು. ಗುಂಡು ತುಂಬಿದ ಕೋವಿಯನ್ನು ಠಾಣೆಯವರು ಮುಟ್ಟುವುದಿಲ್ಲ, ಇಡದಿದ್ದರೆ ಲೈಸೆನ್ಸಿಗೆ ಕುತ್ತು. ಕಂಗಾಲಾದ ರೇಮಂಡ್ ಮೊದಲು ಹೋದದ್ದು ಒಂದು ವೆಲ್ಡಿಂಗ್ ಅಂಗಡಿಗೆ. ಗ್ಯಾಸ್ ಹಿಡಿದು ಬಿಸಿ ಮಾಡಿದರೆ ಸೀಸ ಕರಗಿ ಬರುತ್ತದೆ, ಇಲ್ಲದಿದ್ದರೆ ನಳಿಗೆಯನ್ನು ಹಿಂದಿನಿಂದ ಕತ್ತರಿಸುವುದೇ ದಾರಿ ಎಂದರಂತೆ ಅಲ್ಲಿ.

"ಬಿಸಿ ಮಾಡಿದ್ದರೆ ನೀವು ಇವತ್ತು ಇಲ್ಲಿಗೆ ಬರುತ್ತಿರಲಿಲ್ಲ, ಮಣಿಪಾಲದ ಆಸ್ಪತ್ರೆಗೆ ಒಯ್ಯುತ್ತಿದ್ದರು," ಎನ್ನುತ್ತಾರೆ ಮೊಯಿದಿನಬ್ಬ. "ಮದ್ದು ಇಲ್ಲ ಅಂದವನ ಕೋವಿಯಲ್ಲೂ ಮದ್ದು ಉಂಟು ಅಂತಲೇ ತಿಳಿಯಬೇಕು ಮಾರಾಯ್ರೆ."

ಹಾಗೆಂದೇ ನಿನ್ನೆ ಸಂಜೆ ಕೋವಿ ಕೈಗೆ ಬಂದ ಕೂಡಲೇ ನಿಪ್ಪಲ್ ಬಿಚ್ಚಿ, ಎರಡೂ ಕಡೆಯಿಂದ ನೀರು ಹೊಯ್ದು, ಮದ್ದು ಇದ್ದರೆ ಕೆಡಲೆಂದು ನೆನೆಹಾಕಿದ್ದಾರೆ. ಈಗ ನೀರು ಬಸಿದು, ಕೋಲು ಎಷ್ಟು ಇಳಿಯಿತೆಂದು ಪೆನ್ಸಿಲಿನಲ್ಲಿ ಗುರುತು ಮಾಡಿ, ಅದೇ ಕೋಲನ್ನು ನಳಿಗೆಯ ಹೊರಮೈಗೆ ಇಟ್ಟು ನೋಡುತ್ತಾರೆ. ಕೋಲಿನ ತುದಿಗೂ ನಳಿಗೆಯ ಬುಡಕ್ಕೂ ನಡುವೆ ಉಳಿದ ಜಾಗವೇ ಲೆಕ್ಕ. ಬರೀ ಗುಂಡಾದರೆ ಒಂದು ಬೆರಳು. ಮದ್ದೂ ಗುಂಡೂ ಇದ್ದರೆ ಎರಡು. ರೇಮಂಡ್ ಅವರ ಕೋವಿಯಲ್ಲಿ ಮೂರು ಬೆರಳು ದಾಟುತ್ತದೆ.

"ಬಲಗೈಯಲ್ಲಿ ಅಳೆದೆ, ತಪ್ಪಿಲ್ಲ," ಎಂದು, ಪತ್ರಿಕೆಗೆ ಬರೆಯಲು ಬಂದ ನನಗೆ ಎಡಗೈ ತೋರಿಸಿ ನಗುತ್ತಾರೆ. ಅದರಲ್ಲಿ ನಾಲ್ಕೇ ಬೆರಳು.

ಉಂಗುರದ ಬೆರಳು ಸಮುದ್ರದಲ್ಲಿ ಹೋಯಿತು. ಹೆಜಮಾಡಿಯಲ್ಲಿ ಹುಟ್ಟಿದ ಮೊಯಿದಿನಬ್ಬ ಹದಿನೇಳನೆಯ ವಯಸ್ಸಿಗೇ ಬೋಟಿನ ಎಂಜಿನ್ ಕೋಣೆ ಸೇರಿದವರು. ಬಲೆ ಎಳೆಯುವ ಹಗ್ಗಕ್ಕೆ ಬೆರಳು ಕೊಟ್ಟ ಮೇಲೆ ದಡಕ್ಕೆ ಬಂದು, ಮಾವನ ಕೋವಿ ರಿಪೇರಿಯ ಶೆಡ್ಡಿನಲ್ಲಿ ಕೂತರು. ಆಗೆಲ್ಲ ಸಿಕ್ಕಿಬಿದ್ದ ಗುಂಡಿಗೆ ಉದ್ದ ಸರಳಿನ ತಿರುಪು ಕೊರೆದು ಎಳೆಯುವುದೇ ಪದ್ಧತಿ. ತಿರುಪು ಜಾರಿದರೆ ನಳಿಗೆಯ ಒಳಮೈಗೆ ಗೀರು. ಒಂದು ದಿನ ಮೊಯಿದಿನಬ್ಬರಿಗೆ ಬೋಟಿನ ಗ್ರೀಸ್ ಪಂಪು ನೆನಪಾಯಿತು.

"ಕೋವಿಗೂ ನಿಪ್ಪಲ್, ಬೇರಿಂಗಿಗೂ ನಿಪ್ಪಲ್. ಅದು ತೆಗೆದು ಇದು ಕೂರಿಸಿದರೆ ಎಂತ ಆಗುತ್ತದೆ ಅಂತ ನೋಡುವ ಅನಿಸಿತು. ಮಾವ ಮೂರು ದಿನ ಮಾತಾಡಲಿಲ್ಲ. ಗುಂಡು ಬಂದ ಮೇಲೆ ಬಿರಿಯಾನಿ ಮಾಡಿಸಿದರು."

ಮೂವತ್ತೊಂದು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಳಿಗೆಗಳು ಈ ಮೇಜಿನ ಮೇಲೆ ಖಾಲಿಯಾಗಿವೆ. ಕಾಪು, ಇನ್ನಂಜೆಯಿಂದಲೂ ಬರುತ್ತವೆ. ಸಾಮಾನ್ಯ ತಿಂಗಳಿಗೆ ಐದೋ ಆರೋ. ಚುನಾವಣೆ ಘೋಷಣೆಯಾದರೆ ವಾರಕ್ಕೆ ಇಪ್ಪತ್ತು, ಏಕೆಂದರೆ ಮೂಲೆಯಲ್ಲಿಟ್ಟ ಕೋವಿಯಲ್ಲಿ ಗುಂಡು ಇರುವುದು ಜನರಿಗೆ ನೆನಪಾಗುವುದೇ ಪೊಲೀಸರು ಕರೆದಾಗ.

ಬೆನ್ನ ಹಿಂದೆ ಚಹಾ ಹಿಡಿದು ನಿಂತಿರುವ ಹೆಂಡತಿ ಸಾರಮ್ಮ ಸುಮ್ಮನಿರುವವರಲ್ಲ. "ನಿಕಾಹ್ ಆದಂದಿನಿಂದ ಇವರ ಅಂಗಿಯ ಗ್ರೀಸ್ ತೊಳೆಯುತ್ತಾ ಇದ್ದೇನೆ. ಸೋಪಿನ ಜಾಹೀರಾತಿಗೆ ನನ್ನ ಫೋಟೊ ಹಾಕಬೇಕು."

ಗ್ರೀಸ್ ನಿಪ್ಪಲ್ ಕೂತಿತು. ಮೊಯಿದಿನಬ್ಬ ಪಂಪು ಒತ್ತುತ್ತಾರೆ. ಹತ್ತು, ಇಪ್ಪತ್ತು, ಐವತ್ತು. ಗ್ರೀಸ್ ತುಂಬಿದ ಹಾಗೆ ಒಳಗಿನದು ಕೂದಲೆಳೆಯಷ್ಟೇ ಮುಂದೆ ಸರಿಯುತ್ತದೆ. ರೇಮಂಡ್ ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಾರೆ. ಅವಸರ ಮಾಡಿ ಎಂದರೆ ಮೊಯಿದಿನಬ್ಬ ಪಂಪು ಬಿಟ್ಟು ಚಹಾ ಕುಡಿಯುತ್ತಾರೆ, ಆದ್ದರಿಂದ ಬಾಯಿ ಬಿಡುವುದಿಲ್ಲ. ಎಂಟೂವರೆಗೆ ನಳಿಗೆಯ ಬಾಯಲ್ಲಿ ಸೀಸದ ಬೋಳು ತಲೆ ಕಾಣಿಸಿ, ಗುಂಡು ಬಟ್ಟಲಿಗೆ ಬೀಳುತ್ತದೆ. ಹಿಂದೆಯೇ ಕಪ್ಪು ಕೆಸರು.

"ನೋಡಿ, ಮದ್ದು!" ರೇಮಂಡ್ ಕೂಗುತ್ತಾರೆ. "ನಾನು ಹೇಳಲಿಲ್ವಾ?"

"ಹೇಳಿದ್ದೀರಿ. ಇನ್ನೂ ಉಂಟು, ನಿಲ್ಲಿ."

ಮತ್ತೆ ನಲವತ್ತು ಒತ್ತು. ಬಟ್ಟಲಿಗೆ ಎರಡನೆಯ ಗುಂಡು ಬೀಳುತ್ತದೆ. ರೇಮಂಡ್ ಬಟ್ಟಲಿಗೆ ಬಗ್ಗುತ್ತಾರೆ. ಮೆಲ್ಲಗೆ ನೆನಪು ಬಿಚ್ಚುತ್ತದೆ: ಬುಧವಾರ ಸಂಜೆ ಕೋವಿ ತುಂಬುತ್ತಿದ್ದಾಗ, ಕರು ಹಗ್ಗ ಕಿತ್ತುಕೊಂಡಿತೆಂದು ಹೆಂಡತಿ ಜೆನಿಟಾ ಕೂಗಿದ್ದಾರೆ. ಆ ಗಡಿಬಿಡಿಯಲ್ಲಿ ಮದ್ದು ಮರೆತು ಗುಂಡು ಮಾತ್ರ ತುರುಕಿ ಓಡಿದ್ದಾರೆ. ಮರುದಿನ ಖಾಲಿಯೆಂದುಕೊಂಡು ಮೊದಲಿನಿಂದ ಮದ್ದು, ಗುಂಡು.

"ಮದ್ದು ಹಾಕಿದ್ದು ಸತ್ಯ," ಮೊಯಿದಿನಬ್ಬ ದನಿ ತಗ್ಗಿಸುತ್ತಾರೆ. "ಆದರೆ ಎರಡು ಗುಂಡಿನ ನಡುವೆ. ನಿಮ್ಮ ಬೆಂಕಿಗೆ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಎಲ್ಲಿಯಾದರೂ ಒಂದು ಕಿಡಿ ನುಸುಳಿದ್ದರೆ, ನಳಿಗೆ ನಿಮ್ಮ ಕೆನ್ನೆಯ ಹತ್ತಿರವೇ ಒಡೆಯುತ್ತಿತ್ತು."

"ಇದನ್ನು ಜೆನಿಟಾಳಿಗೆ ಹೇಳಬೇಡಿ," ಎನ್ನುತ್ತಾರೆ ಕೊನೆಗೆ ರೇಮಂಡ್. "ಕರುವಿಗೆ ಹೇಳುತ್ತೇನೆ," ಎನ್ನುತ್ತಾರೆ ಸಾರಮ್ಮ.

ನಳಿಗೆ ತೊಳೆದು ಎಣ್ಣೆ ಸವರಿದ ಮೇಲೂ ಕೆಲಸ ಮುಗಿಯುವುದಿಲ್ಲ. ಗುಂಡು ತುರುಕುವ ಕಬ್ಬಿಣದ ಗಜದ ಮೇಲೆ ಮೊಯಿದಿನಬ್ಬ ಅರದಿಂದ ಎರಡು ಗೆರೆ ಎಳೆಯುತ್ತಾರೆ. ಒಂದು ಖಾಲಿ ಕೋವಿಯ ಗುರುತು, ಇನ್ನೊಂದು ಸರಿಯಾಗಿ ತುಂಬಿದ ಕೋವಿಯದು. ತುಂಬುವ ಮೊದಲು ಗಜ ಇಳಿಸಿ ಗೆರೆ ನೋಡಿದರೆ ಸಾಕು. ಇಲ್ಲಿಂದ ಹೋದ ಪ್ರತಿ ಗಜಕ್ಕೂ ಈ ಗೆರೆಗಳಿವೆ. ಅದಕ್ಕೆ ಬೇರೆ ಮಜೂರಿ ಇಲ್ಲ.

ಹನ್ನೊಂದಕ್ಕೆ ನಾವು ಮೂವರೂ ಠಾಣೆಯ ಎದುರು. ರೇಮಂಡ್ ಕೋವಿ ಹೊತ್ತು ಒಳಗೆ ಹೋಗುತ್ತಾರೆ. ಮೊಯಿದಿನಬ್ಬ ರಸ್ತೆಯ ಈಚೆ, ಸ್ಕೂಟರಿಗೆ ಒರಗಿ ನಿಲ್ಲುತ್ತಾರೆ. ತಾವು ಬಿಡಿಸಿದ ಕೋವಿಯನ್ನು ಠಾಣೆಯವರು ಒಪ್ಪಿಕೊಳ್ಳುವ ತನಕ ಅವರು ಮನೆಗೆ ಹೋಗುವವರಲ್ಲ.

"ಪೇಪರಿನಲ್ಲಿ ನಿಮ್ಮ ಬಗ್ಗೆ ಎಂತ ಬರೆಯಲಿ?" ಎಂದು ಕೇಳುತ್ತೇನೆ.

"ಒಂದು ನಳಿಗೆಯನ್ನೂ ಕತ್ತರಿಸಿಲ್ಲ ಅಂತ ಬರೆಯಿರಿ. ಅಷ್ಟು ಸಾಕು." ಸ್ವಲ್ಪ ತಡೆದು, "ಸಾಧ್ಯವಾದರೆ ಆ ಎರಡು ಗೆರೆಯ ಸಂಗತಿ ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕಿ."

ರೇಮಂಡ್ ಠಾಣೆಯ ಮೆಟ್ಟಿಲು ಇಳಿದು ಬರುತ್ತಾರೆ. ಹೆಗಲು ಖಾಲಿ, ಕೈಯಲ್ಲಿ ರಸೀದಿ. ಮೊಯಿದಿನಬ್ಬ ಲುಂಗಿ ಎತ್ತಿ ಕಟ್ಟಿ ಸ್ಕೂಟರಿನ ಕಿಕ್ ಒದೆಯುತ್ತಾರೆ.